ಚಂದ್ರಂಪಳ್ಳಿಯ ನೀರು, ಕುಂಚಾವರಂ ಕಾಡು: ಬೇಮಳಖೇಡ ಸೀಮೆಯಿಂದ ಹೊರಡುವವರಿಗೆ

ಮೊದಲು ಹುಮನಾಬಾದ್ ತಾಲೂಕಿನಲ್ಲಿದ್ದು ಈಗ ಚಿಟಗುಪ್ಪಾ ತಾಲೂಕಿಗೆ ಸೇರಿರುವ ಬೇಮಳಖೇಡದ ಸುತ್ತಲಿನವರಿಗೂ ಹುಮನಾಬಾದ್, ಬಸವಕಲ್ಯಾಣದ ಕಡೆಯವರಿಗೂ ನೀರು, ಗುಡ್ಡ, ಕಾಡು ಈ ಮೂರೂ ಒಂದೆಡೆ ಸಿಗುವ ತಾಣವೆಂದರೆ, ದಕ್ಷಿಣಕ್ಕೆ ಬೀದರ್ ಜಿಲ್ಲೆಯ ಗಡಿ ದಾಟಿದೊಡನೆ ಎದುರಾಗುವ ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲೂಕಿನ ಚಂದ್ರಂಪಳ್ಳಿ ಜಲಾಶಯ ಮತ್ತು ಅದನ್ನು ಸುತ್ತುವರಿದಿರುವ, ಕುಂಚಾವರಂ ಕಾಡನ್ನೊಳಗೊಂಡ ಚಿಂಚೋಳಿ ವನ್ಯಜೀವಿ ಧಾಮ. ಕಲ್ಯಾಣ ಕರ್ನಾಟಕವೆಂದರೆ ಬಿಸಿಲು, ಎರೆಭೂಮಿ, ತೊಗರಿ ಇಷ್ಟೇ ಎಂದು ತಿಳಿದವರಿಗೆ ಇಲ್ಲಿನ ಹಸಿರು ಅಚ್ಚರಿ ತರುತ್ತದೆ. ಇಲ್ಲಿನವರು ಇದನ್ನು ಮಲೆನಾಡಿಗೆ ಹೋಲಿಸುವುದೂ ಉಂಟು. ಆ ಹೋಲಿಕೆಯನ್ನು ನಂಬಿ ಏಪ್ರಿಲ್ ತಿಂಗಳಲ್ಲಿ ಬಂದಿಳಿದವರಿಗೆ ಕಾಣುವುದು ಎಲೆ ಉದುರಿದ ತೇಗ, ಒಡೆದ ಕೆಸರುದಂಡೆ, ನಡುವೆ ಉಳಿದಷ್ಟು ನೀರು. ಚಂದ್ರಂಪಳ್ಳಿ ವಿಹಾರಕ್ಕೆಂದು ಕಟ್ಟಿದ ಕೊಳವಲ್ಲ, ಹೊಲಗಳಿಗೆ ನೀರುಣಿಸಲು ಕಟ್ಟಿದ ಅಣೆಕಟ್ಟು. ಅದರ ಸುತ್ತಲಿನದು ಉದ್ಯಾನವಲ್ಲ, ಕಾನೂನಿನ ರಕ್ಷಣೆಯಲ್ಲಿರುವ ಒಣ ಎಲೆಯುದುರುವ ಕಾಡು. ಹೋಗುವ ಕಾಲ, ಪಡೆಯಬೇಕಾದ ಅನುಮತಿ, ಅಲ್ಲಿ ಮಾಡಬಹುದಾದದ್ದು, ಮಾಡಬಾರದ್ದು ಎಲ್ಲವೂ ಈ ಎರಡು ಸಂಗತಿಗಳಿಂದಲೇ ನಿರ್ಧಾರವಾಗುತ್ತವೆ.

ನೆಲದ ಬಗೆ

ಇಲ್ಲಿ ಬೆಟ್ಟವೆಂದರೆ ಪಶ್ಚಿಮ ಘಟ್ಟದ ಬಗೆಯ ಶಿಖರವಲ್ಲ. ಬೀದರ್ ಪ್ರಸ್ಥಭೂಮಿ, ಎಂದರೆ ಎತ್ತರದಲ್ಲಿ ಹರಡಿಕೊಂಡ ಸಮತಟ್ಟಾದ ನೆಲ, ಸಮುದ್ರ ಮಟ್ಟದಿಂದ ಸುಮಾರು 600 ಮೀಟರಿನ ಆಸುಪಾಸಿನಲ್ಲಿದ್ದು, ದಕ್ಷಿಣಕ್ಕೆ ಚಿಂಚೋಳಿಯ ಕಡೆ ಕುಸಿಯುತ್ತ ಹೋಗುವಲ್ಲಿ ಹಳ್ಳಗಳು ಅದನ್ನು ಕೊರೆದು ಗುಡ್ಡ, ಕಣಿವೆ, ಕಡಿದಾದ ಅಂಚುಗಳನ್ನು ಮಾಡಿವೆ. ಆದ್ದರಿಂದ ಉತ್ತರದಿಂದ, ಅಂದರೆ ಬೇಮಳಖೇಡದ ಕಡೆಯಿಂದ ಬರುವವರು ಬೆಟ್ಟ ಹತ್ತುವುದಕ್ಕಿಂತ ಹೆಚ್ಚಾಗಿ ಅದರ ಮೇಲಿಂದ ಕೆಳಕ್ಕೆ ಇಳಿಯುತ್ತಾರೆ.

ಈ ನೆಲದ ತಳದಲ್ಲಿರುವುದು ದಖ್ಖನ್ನಿನ ಕಪ್ಪು ಬಸಾಲ್ಟ್, ಎಂದರೆ ಲಾವಾ ಹರಿದು ಪದರಪದರವಾಗಿ ಹೆಪ್ಪುಗಟ್ಟಿದ ಶಿಲೆ. ಅದರ ಮೇಲೆ ಹಲವೆಡೆ ಕೆಂಪು ಜಂಬಿಟ್ಟಿಗೆ ಕಲ್ಲಿನ ಹೊದಿಕೆ ಇದೆ. ಕಬ್ಬಿಣದ ಅಂಶ ತುಂಬಿರುವ, ಜೇನುಗೂಡಿನಂತೆ ತೂತುತೂತಾಗಿರುವ ಈ ಕಲ್ಲು ನೆಲದಿಂದ ಕಡಿದಾಗ ಮೆತ್ತಗಿದ್ದು ಗಾಳಿ ತಾಗಿದಂತೆ ಗಟ್ಟಿಯಾಗುತ್ತದೆ. ಮಳೆನೀರು ಅದರ ತೂತುಗಳಲ್ಲಿ ಇಳಿದು, ಕೆಳಗಿನ ಜೇಡಿಯ ಪದರವನ್ನು ದಾಟಲಾರದೆ ಅಡ್ಡಕ್ಕೆ ಸರಿದು, ಪ್ರಸ್ಥಭೂಮಿಯ ಅಂಚಿನಲ್ಲಿ ಒರತೆಯಾಗಿ ಹೊರಬೀಳುತ್ತದೆ. ಬೀದರ್ ನಗರದ ಗುರುನಾನಕ್ ಝೀರಾದ ಚಿಲುಮೆ, ಭಕ್ತರು ಎದೆಮಟ್ಟದ ನೀರಿನಲ್ಲಿ ನಡೆದು ದರ್ಶನ ಪಡೆಯುವ ಝರಣಿ ನರಸಿಂಹನ ಗುಹೆ, ನೌಬಾದಿನ ಸುರಂಗ ಬಾವಿ, ಇವೆಲ್ಲ ಇದೇ ಕೆಂಪು ಕಲ್ಲಿನ ಕೊಡುಗೆಗಳು. ಚಿಂಚೋಳಿ ಕಾಡಿನ ಹಳ್ಳಗಳು ಮಳೆ ನಿಂತ ಮೇಲೂ ಕೆಲವು ವಾರ ಜಿನುಗುತ್ತಿರುವುದಕ್ಕೂ, ಎತ್ತಿಪೋತ, ಮಾಣಿಕಪುರ ಜಲಪಾತಗಳು ಮುಂಗಾರಿನ ಕೊನೆಯವರೆಗೆ ಜೀವ ಹಿಡಿದಿರುವುದಕ್ಕೂ ಈ ಭೂಗುಣ ನೆರವಾಗುತ್ತದೆ.

ನೀರಿನ ಹಂಚಿಕೆಯ ವಿಷಯದಲ್ಲಿ ಈ ಸೀಮೆಗೆ ಇನ್ನೊಂದು ವಿಶೇಷವಿದೆ. ಬಸವಕಲ್ಯಾಣ, ಹುಮನಾಬಾದ್ ಭಾಗದಲ್ಲಿ ಬಿದ್ದ ಮಳೆಯ ಒಂದು ಪಾಲು ಚುಳಕಿ ನಾಲಾ, ಕಾರಂಜಾ ಹೊಳೆಗಳ ಮೂಲಕ ಮಾಂಜ್ರಾ ನದಿಗೆ ಸೇರಿ ಗೋದಾವರಿಯ ಪಾಲಾದರೆ, ಇನ್ನೊಂದು ಪಾಲು ಬಸವಕಲ್ಯಾಣ ತಾಲೂಕಿನಲ್ಲೇ ಹುಟ್ಟುವ ಮುಲ್ಲಾಮಾರಿ ನದಿಯ ಮೂಲಕ ಕಾಗಿಣಾ, ಭೀಮಾ ನದಿಗಳನ್ನು ಹಾದು ಕೃಷ್ಣೆಗೆ ಹೋಗುತ್ತದೆ. ಚಂದ್ರಂಪಳ್ಳಿ ಅಣೆಕಟ್ಟು ನಿಂತಿರುವುದು ಮುಲ್ಲಾಮಾರಿಯ ಉಪನದಿಯಾದ ಸರನಾಲಾದ ಮೇಲೆ. ಆದ್ದರಿಂದ ಅದು ಕೃಷ್ಣೆಯ ಕಡೆಯ ನೀರು. ಭಾಲ್ಕಿ ತಾಲೂಕಿನ ಬ್ಯಾಲಹಳ್ಳಿಯ ಬಳಿಯಿರುವ, 7.69 ಟಿಎಂಸಿ ಸಾಮರ್ಥ್ಯದ ಕಾರಂಜಾ ಜಲಾಶಯದ್ದು ಗೋದಾವರಿಯ ಕಡೆಯದು. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಸುಮಾರು 2,830 ಕೋಟಿ ಲೀಟರ್. ಕಾರಂಜಾ ಗಾತ್ರದಲ್ಲಿ ದೊಡ್ಡದು, ಆದರೆ ಬಯಲಿನ ನಡುವೆ ಚಾಚಿಕೊಂಡಿದೆ. ಚಂದ್ರಂಪಳ್ಳಿ ಚಿಕ್ಕದಾದರೂ ಗುಡ್ಡಗಳ ನಡುವೆ ಕುಳಿತಿದೆ. ನೀರಿನ ಹರವನ್ನು ನೋಡಲು ಹೊರಟವರಿಗೆ ಕಾರಂಜಾ ಸಾಕು, ಕಾಡಿನಲ್ಲಿ ನಡೆಯಬೇಕೆನ್ನುವವರಿಗೆ ಚಂದ್ರಂಪಳ್ಳಿಯೇ ಸರಿ.

ಯಾವ ಮಳೆ ಮುಗಿದ ಮೇಲೆ

ಇಡೀ ಪ್ರವಾಸದ ಸೋಲುಗೆಲುವು ಕಾಲದ ಆಯ್ಕೆಯ ಮೇಲೆ ನಿಂತಿರುವುದರಿಂದ ಈ ವಿಷಯವನ್ನು ಬಿಡಿಸಿ ನೋಡಬೇಕಾಗುತ್ತದೆ. ಈ ಭಾಗದ ವಾರ್ಷಿಕ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನೈಋತ್ಯ ಮುಂಗಾರಿನಲ್ಲೇ ಬೀಳುತ್ತದೆ. ರೈತರು ಮಿರಗದ ಮಳೆಗೆ, ಎಂದರೆ ಜೂನ್ ಎರಡನೆಯ ವಾರದ ಮೃಗಶಿರಾ ನಕ್ಷತ್ರದ ಮಳೆಗೆ ಬಿತ್ತನೆಯ ಸಿದ್ಧತೆ ನಡೆಸುತ್ತಾರಾದರೂ ಜಲಾಶಯಕ್ಕೆ ಹೇಳಿಕೊಳ್ಳುವಂಥ ನೀರು ಬರುವುದು ಆಗಿನಿಂದಲ್ಲ. ಒಣಗಿ ಬಿರುಕುಬಿಟ್ಟ ಎರೆಮಣ್ಣು ಮೊದಲ ಮಳೆಗಳನ್ನೆಲ್ಲ ತಾನೇ ಕುಡಿದುಬಿಡುತ್ತದೆ. ನೆಲ ತಣಿದ ಮೇಲೆ ಬೀಳುವ ಆಗಸ್ಟ್‌ನ ಆಶ್ಲೇಷಾ, ಮಘಾ ಮಳೆಗಳು, ಸೆಪ್ಟೆಂಬರ್‌ನ ಹುಬ್ಬ, ಉತ್ತರಾ ಮಳೆಗಳು ಹಳ್ಳ ಹರಿಸಿ ಜಲಾಶಯ ತುಂಬಿಸುತ್ತವೆ. ಆದುದರಿಂದ ಜುಲೈ ತಿಂಗಳಲ್ಲಿ ಕಾಡು ಹಸಿರಾಗಿದ್ದರೂ ನೀರಿನ ಮಟ್ಟ ಕೆಳಗೇ ಇರುವುದುಂಟು. ಈ ಎರಡು ತಿಂಗಳ ಅಂತರವನ್ನು ಅರಿಯದವರೇ ಹೆಚ್ಚಾಗಿ ನಿರಾಶರಾಗಿ ಮರಳುತ್ತಾರೆ.

ಜಲಪಾತಕ್ಕಾಗಿ ಹೋಗುವವರು ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ಕೊನೆಯವರೆಗಿನ ಅವಧಿಯನ್ನು ಆರಿಸಿಕೊಳ್ಳಬೇಕು. ಆದರೆ ಮಳೆ ಸುರಿಯುತ್ತಿರುವ ದಿನ ಮಾತ್ರ ಹೋಗಬಾರದು. ಬಸಾಲ್ಟಿನ ಮೇಲೆ ಬೆಳೆದ ಪಾಚಿ ಜಾರುತ್ತದೆ ಎಂಬುದೊಂದೇ ಇದಕ್ಕೆ ಕಾರಣವಲ್ಲ. ಇಲ್ಲಿನ ಹಳ್ಳಗಳ ಜಲಾನಯನ ಪ್ರದೇಶ, ಎಂದರೆ ಒಂದು ಹಳ್ಳಕ್ಕೆ ಮಳೆನೀರನ್ನು ಬಸಿದುಕೊಡುವ ಒಟ್ಟು ನೆಲ, ಚಿಕ್ಕದೂ ಕಡಿದಾದದ್ದೂ ಆಗಿರುವುದರಿಂದ, ಮೇಲಿನ ಗುಡ್ಡದ ಕಡೆ ಬಿದ್ದ ಒಂದು ಗಂಟೆಯ ಮಳೆ ಕೆಳಗೆ ಬಿಸಿಲಿನಲ್ಲಿ ನಿಂತವರ ಕಾಲಬುಡಕ್ಕೆ ಕೆಂಪು ನೀರಾಗಿ ನುಗ್ಗಬಲ್ಲದು. ತಿಳಿಯಾಗಿ ಹರಿಯುತ್ತಿದ್ದ ಹಳ್ಳದ ನೀರು ಬಣ್ಣ ತಿರುಗಿ ಅದರಲ್ಲಿ ಕಸಕಡ್ಡಿ ತೇಲತೊಡಗಿತೆಂದರೆ ಅದೇ ಎಚ್ಚರಿಕೆ. ಚೀಲ, ಚಪ್ಪಲಿಗಳ ಚಿಂತೆ ಬಿಟ್ಟು ದಂಡೆ ಹತ್ತಬೇಕು.

ಜಲಾಶಯವನ್ನು ತುಂಬಿದ ಸ್ಥಿತಿಯಲ್ಲಿ ನೋಡಲು, ಕಾಡಿನಲ್ಲಿ ನಡೆಯಲು, ಹಕ್ಕಿಗಳನ್ನು ಗಮನಿಸಲು ಚಿತ್ತಾ, ಸ್ವಾತಿ ಮಳೆಗಳು ಮುಗಿಯುವ ನವೆಂಬರ್ ಮೊದಲ ವಾರದಿಂದ ಜನವರಿಯವರೆಗಿನ ಕಾಲ ಅತ್ಯುತ್ತಮ. ಆಗ ನೀರು ತಿಳಿಯಾಗಿರುತ್ತದೆ, ಹಾದಿ ಒಣಗಿರುತ್ತದೆ, ಹೊಲದಲ್ಲಿ ತೊಗರಿ ಹೂವು ಬಿಟ್ಟಿರುತ್ತದೆ. ಡಿಸೆಂಬರ್ ಅಥವಾ ಜನವರಿಯ ಮೊದಲಲ್ಲಿ ಬರುವ ಎಳ್ಳ ಅಮಾವಾಸ್ಯೆಯಂದು ಈ ಭಾಗದ ಮನೆಮಂದಿಯೆಲ್ಲ ಸಜ್ಜೆರೊಟ್ಟಿ, ಹಲವು ಕಾಯಿಪಲ್ಲೆಗಳ ಭಜ್ಜಿ, ಅಂಬಲಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಎಂದರೆ ಬೆಳೆಗೆ ನೈವೇದ್ಯ ಎರಚಿ, ಉಣ್ಣುವ ರೂಢಿಯಿದೆ. ಬಯಲಿನಲ್ಲಿ ಕುಳಿತು ಉಣ್ಣುವ ಸುಖವನ್ನು ಇಲ್ಲಿನ ಜನಕ್ಕೆ ಪ್ರವಾಸೋದ್ಯಮ ಕಲಿಸಬೇಕಾಗಿಲ್ಲ. ಹೊರ ಊರಿನಿಂದ ಬರುವವರು ಪ್ರವಾಸಕ್ಕೆ ಆ ದಿನವನ್ನೇ ಆರಿಸಿಕೊಂಡರೆ ಪಟ್ಟಣದ ಅಂಗಡಿ, ಖಾನಾವಳಿಗಳು ಮುಚ್ಚಿರಬಹುದು ಎಂಬುದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಫೆಬ್ರವರಿಯಿಂದ ಕಾಡು ಎಲೆ ಉದುರಿಸುತ್ತದೆ. ಮುತ್ತುಗದ ಕೆಂಪು ಹೂವು, ಬರಿದಾದ ಕೊಂಬೆಗಳ ನಡುವೆ ಸುಲಭವಾಗಿ ಕಣ್ಣಿಗೆ ಬೀಳುವ ಹಕ್ಕಿಗಳು ಇವುಗಳಿಂದಾಗಿ ಆ ಕಾಲಕ್ಕೂ ತನ್ನದೇ ಸೊಬಗಿದ್ದರೂ, ಅದು ಕಾಳ್ಗಿಚ್ಚಿನ ಕಾಲವೂ ಆಗಿರುವುದರಿಂದ ಅರಣ್ಯ ಇಲಾಖೆ ಚಾರಣಕ್ಕೆ ನಿರ್ಬಂಧ ಹಾಕುವ ಸಂಭವವಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದರಿಂದ ಹೋಗದಿರುವುದೇ ಲೇಸು.

ಜಲಾಶಯದ ಮಟ್ಟವನ್ನು ಮನೆಯಲ್ಲೇ ಕುಳಿತು ತಿಳಿಯುವುದು ಕಷ್ಟವೇನಲ್ಲ. ಮಳೆಗಾಲದಲ್ಲಿ ಬೀದರ್, ಕಲಬುರಗಿ ಆವೃತ್ತಿಗಳ ದಿನಪತ್ರಿಕೆಗಳು ಈ ಜಲಾಶಯಗಳ ಒಳಹರಿವು, ಹೊರಹರಿವುಗಳನ್ನು ಕ್ಯುಸೆಕ್ ಲೆಕ್ಕದಲ್ಲಿ ಕೊಡುತ್ತವೆ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್ ಹರಿವು. ಹೊರಹರಿವು ಏರಿದೆ ಎಂಬ ಸುದ್ದಿ ಬಂದರೆ ಗೇಟು ತೆರೆದಿದ್ದಾರೆ ಎಂದೇ ಅರ್ಥ. ಆಗ ಅಣೆಕಟ್ಟಿನ ಕೆಳಗಿನ ಹಳ್ಳದಲ್ಲಾಗಲಿ, ಮುಂದೆ ನಾಗರಾಳ ಜಲಾಶಯದ ಕೆಳಗಿನ ಮುಲ್ಲಾಮಾರಿ ದಂಡೆಯಲ್ಲಾಗಲಿ ಇಳಿಯಬಾರದು. ಮುಳುಗಿದ ಸೇತುವೆಯ ಮೇಲೆ ಗಾಡಿ ದಾಟಿಸುವ ಸಾಹಸಕ್ಕಂತೂ ಕೈಹಾಕಲೇಬಾರದು.

ಧಾಮದ ಕಾನೂನು

ಚಿಂಚೋಳಿ ಕಾಡನ್ನು ವನ್ಯಜೀವಿ ಧಾಮವೆಂದು ಸಾರಿದ್ದು 2011ರಲ್ಲಿ. ಅದರ ವಿಸ್ತೀರ್ಣ 134.88 ಚದರ ಕಿಲೋಮೀಟರ್. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಜೀವಿ ಧಾಮವೆಂದು ಇದನ್ನು ಬಣ್ಣಿಸುವ ವಾಡಿಕೆಯಿದೆ. ಧಾಮವೆಂಬುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪರಿಭಾಷೆ. ರಾಷ್ಟ್ರೀಯ ಉದ್ಯಾನದಷ್ಟು ಬಿಗಿಯಿಲ್ಲದಿದ್ದರೂ, ಒಳಗೆ ನೆಲೆಸಿರುವವರು, ಒಳಗೆ ಆಸ್ತಿಯ ಹಕ್ಕುಳ್ಳವರು, ಹೆದ್ದಾರಿಯಲ್ಲಿ ಹಾದುಹೋಗುವವರು ಮತ್ತು ಕರ್ತವ್ಯದ ಮೇಲಿರುವ ನೌಕರರು ಇಂಥವರ ಹೊರತು ಉಳಿದವರು ಪರವಾನಗಿಯಿಲ್ಲದೆ ಇಂಥ ಪ್ರದೇಶವನ್ನು ಪ್ರವೇಶಿಸುವಂತಿಲ್ಲ ಎಂದು ಆ ಕಾಯ್ದೆಯ 27ನೆಯ ಕಲಮು ಹೇಳುತ್ತದೆ. 28ನೆಯ ಕಲಮು ಅಧ್ಯಯನ, ಛಾಯಾಚಿತ್ರ, ಪ್ರವಾಸ ಮೊದಲಾದ ಉದ್ದೇಶಗಳಿಗೆ ಪರವಾನಗಿ ಕೊಡಲು ಅವಕಾಶ ಮಾಡಿಕೊಡುತ್ತದೆ. ಬೆಂಕಿ ಹಚ್ಚುವುದನ್ನು 30ನೆಯ ಕಲಮು, ಅನುಮತಿಯಿಲ್ಲದೆ ಆಯುಧ ಒಯ್ಯುವುದನ್ನು 31ನೆಯ ಕಲಮು ನಿಷೇಧಿಸುತ್ತವೆ. ಈ ಕಲಮುಗಳನ್ನು ಇಲ್ಲಿ ಎತ್ತಿ ಹೇಳಲು ಕಾರಣವಿದೆ. ಮೂರು ಕಲ್ಲು ಹೂಡಿ ಅಡುಗೆ ಮಾಡುವುದು ಹೊಲದಲ್ಲಿ ಸಹಜವಾದ ಕೆಲಸ, ಧಾಮದಲ್ಲಿ ಅದೇ ಅಪರಾಧ. ಡಿಸೆಂಬರ್ ನಂತರ ಮೊಣಕಾಲೆತ್ತರ ಒಣಗಿ ನಿಂತಿರುವ ಹುಲ್ಲಿಗೆ ಒಂದು ಬೀಡಿಯ ತುಂಡು ಸಾಕೆಂಬುದನ್ನು ನೆನೆದರೆ ಕಾನೂನಿನ ಬಿಗಿ ಅತಿಯೆನಿಸುವುದಿಲ್ಲ.

ಪ್ರವೇಶ, ಚಾರಣ, ವಸತಿ, ದೋಣಿವಿಹಾರ ಈ ಎಲ್ಲದರ ಬಗ್ಗೆ ಚಿಂಚೋಳಿಯ ಅರಣ್ಯ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಂಡು ಹೊರಡುವುದು ಕ್ಷೇಮ. ಚಂದ್ರಂಪಳ್ಳಿಯಲ್ಲಿ ಅರಣ್ಯ ಇಲಾಖೆಯ ನಿಸರ್ಗ ಶಿಬಿರ, ಎಂದರೆ ಕಾಡಿನ ಅನುಭವಕ್ಕೆಂದು ಮಾಡಿರುವ ಸರಳ ವಸತಿ ಏರ್ಪಾಡು ಇದೆಯಾದರೂ, ಶುಲ್ಕ, ವೇಳಾಪಟ್ಟಿಗಳು ಬದಲಾಗುತ್ತಿರುವುದರಿಂದ ಹಳೆಯ ಮಾಹಿತಿಯನ್ನು ನೆಚ್ಚಿಕೊಂಡು ಕುಟುಂಬ ಸಮೇತ ಸಂಜೆ ಹೊತ್ತಿಗೆ ಹೋಗಿ ಇಳಿಯುವುದು ಜಾಣತನವಲ್ಲ. ಅರಣ್ಯಕ್ಕೆ ಸಂಬಂಧಿಸಿದ ತುರ್ತಿಗೆ ರಾಜ್ಯದ ಅರಣ್ಯ ಸಹಾಯವಾಣಿ 1926, ಪೊಲೀಸ್ ನೆರವಿಗೆ 112, ಆಂಬುಲೆನ್ಸಿಗೆ 108 ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಬೇಕು. ಕಣಿವೆಗಳಲ್ಲಿ ಮೊಬೈಲಿಗೆ ಸಿಗ್ನಲ್ ಸಿಗದಿರಬಹುದಾದ್ದರಿಂದ ಎಲ್ಲಿಗೆ ಹೋಗುತ್ತಿರುವುದು, ಎಷ್ಟು ಹೊತ್ತಿಗೆ ಮರಳುವುದು ಎಂಬುದನ್ನು ಮನೆಯಲ್ಲೊಬ್ಬರಿಗೆ ತಿಳಿಸಿ ಹೊರಡುವುದು ಒಳ್ಳೆಯದು.

ಧಾಮದ ಒಳಗೂ ಅಂಚಿನಲ್ಲೂ ತಾಂಡಾಗಳು, ಎಂದರೆ ಲಂಬಾಣಿಗರ ವಸತಿಗಳು ಇವೆ. ಧಾಮವೆಂದು ಘೋಷಿಸಿದ ಮೇಲೆ ದನ ಮೇಯಿಸುವುದು, ಸೌದೆ, ರಸ್ತೆ, ಸ್ಥಳಾಂತರ ಇವುಗಳ ಬಗ್ಗೆ ಅಲ್ಲಿನವರಿಗೂ ಇಲಾಖೆಗೂ ನಡುವೆ ಎಳೆದಾಟ ನಡೆದೇ ಇದೆ. ಒಂದು ಹಗಲು ವಿಹಾರಕ್ಕೆ ಬಂದವರಿಗೆ ಸಿಗುವ ಸಲುಗೆ, ತಲೆತಲಾಂತರದಿಂದ ಅಲ್ಲೇ ಇದ್ದವರಿಗೆ ಸಿಗುತ್ತಿಲ್ಲವೆಂಬ ಅಸಮಾಧಾನದಲ್ಲಿ ಹುರುಳಿಲ್ಲದೆ ಇಲ್ಲ. ತಾಂಡಾದ ಹೆಣ್ಣುಮಕ್ಕಳನ್ನು ಕೇಳದೆ ಅವರ ಉಡುಪಿನ ಫೋಟೊ ತೆಗೆಯದಿರುವುದು, ದಾರಿ ತೋರಿಸುವುದಕ್ಕೆ ಅಲ್ಲಿಯ ಯುವಕರನ್ನೇ ಕರೆದುಕೊಂಡು ಅವರ ದುಡಿಮೆಗೆ ತಕ್ಕ ಹಣ ಕೊಡುವುದು ಪ್ರವಾಸಿಗರ ಕೈಯಲ್ಲಿರುವ ಕನಿಷ್ಠ ಮರ್ಯಾದೆ. ದಸರೆಯ ಸುಮಾರಿಗೆ ಮಾಗುವ ಕಾಡು ಸೀತಾಫಲವನ್ನು ಮರದಿಂದ ತಾವೇ ಕೀಳದೆ, ರಸ್ತೆ ಬದಿ ಬುಟ್ಟಿ ಇಟ್ಟುಕೊಂಡು ಕೂತವರಲ್ಲಿ ಕೊಳ್ಳುವುದು ಎಲ್ಲರಿಗೂ ಹಿತ.

ನಡೆಯುವುದು, ನೋಡುವುದು

ಒಣ ಎಲೆಯುದುರುವ ಕಾಡೆಂದರೆ ಮಳೆಗಾಲದಲ್ಲಿ ಚಿಗುರಿ, ಬೇಸಿಗೆಯಲ್ಲಿ ನೀರುಳಿಸಿಕೊಳ್ಳಲು ಎಲೆ ಕಳಚುವ ಮರಗಳ ಕಾಡು. ತೇಗ, ಮುತ್ತುಗ, ಬೀಡಿ ಎಲೆಯ ತೂಪ್ರ, ಬೇವು, ಜಾಲಿ, ಅಲ್ಲಲ್ಲಿ ಶ್ರೀಗಂಧ ಇವು ಇಲ್ಲಿ ಕಾಣಸಿಗುವ ಮರಗಳು. ಇಂಥ ಕಾಡಿನಲ್ಲಿ ದೊಡ್ಡ ಪ್ರಾಣಿ ಎದುರಾಗುತ್ತದೆ ಎಂಬ ನಿರೀಕ್ಷೆಯಿಂದ ನಡೆಯುವವರು ಬೇಸರಗೊಳ್ಳುತ್ತಾರೆ, ನೆಲ ನೋಡುತ್ತ ನಡೆಯುವವರಿಗೆ ಬೇಸರವಿಲ್ಲ. ತೋಳ, ಕತ್ತೆಕಿರುಬ, ನರಿ, ಕೊಂಡುಕುರಿ, ಕೃಷ್ಣಮೃಗ ಇವು ಈ ಧಾಮದ ಪ್ರಾಣಿಗಳ ಪಟ್ಟಿಯಲ್ಲಿವೆ. ಇವುಗಳಲ್ಲಿ ಕೊಂಡುಕುರಿಯ ಸುಳಿವು ಹಿಡಿಯುವುದು ಹೊಸಬರಿಗೂ ಸಾಧ್ಯ. ಗಂಡಿಗೆ ಮುಂದೆ ಎರಡು ಗಿಡ್ಡ, ಹಿಂದೆ ಎರಡು ತುಸು ಉದ್ದ, ಹೀಗೆ ನಾಲ್ಕು ಕೋಡುಗಳಿರುವ ಈ ಪುಟ್ಟ ಜೀವಿ ಮತ್ತೆ ಮತ್ತೆ ಒಂದೇ ಜಾಗಕ್ಕೆ ಬಂದು ಹಿಕ್ಕೆ ಹಾಕುವ ಅಭ್ಯಾಸದ್ದು. ಆದ್ದರಿಂದ ಪೊದೆಗಳ ನಡುವಿನ ಬಯಲು ಜಾಗದಲ್ಲಿ ಹಳೆಯದು ಬೆಳ್ಳಗೆ, ಹೊಸದು ಕಪ್ಪಗೆ ಹೊಳೆಯುವ ಹಿಕ್ಕೆಯ ಗುಡ್ಡೆ ಕಂಡರೆ ಅದು ಈಗಲೂ ಅಲ್ಲಿಗೆ ಬರುತ್ತಿದೆ ಎಂದು ತಿಳಿಯಬಹುದು. ಅದಕ್ಕೆ ಕುಡಿಯುವ ನೀರು ಆಗಾಗ ಬೇಕಾಗುವುದರಿಂದ ಜಲಾಶಯದಿಂದ ಬಹಳ ದೂರ ಸರಿಯದು. ಕತ್ತೆಕಿರುಬದ ಮುಂಗಾಲಿನ ಗುರುತು ಹಿಂಗಾಲಿನದಕ್ಕಿಂತ ಸ್ಪಷ್ಟವಾಗಿ ದೊಡ್ಡದು. ತೋಳದ ಹೆಜ್ಜೆಯನ್ನು ತಾಂಡಾದ ನಾಯಿಯದರಿಂದ ಬೇರ್ಪಡಿಸಿ ಹೇಳುವುದು ಪಳಗಿದವರಿಗೂ ಸುಲಭವಲ್ಲ. ಕೃಷ್ಣಮೃಗವನ್ನು ಕಾಡಿನೊಳಗೆ ಹುಡುಕುವುದು ವ್ಯರ್ಥ, ಅದು ಬಯಲಿನ ಪ್ರಾಣಿ. ಬೀದರ್ ಜಿಲ್ಲೆಯ ಹೊಲಗಳ ಅಂಚಿನಲ್ಲಿ, ಹೋಗುವ ದಾರಿಯಲ್ಲೇ, ಬೆಳಗಿನ ಹೊತ್ತು ಅದು ಕಾಣಿಸಿಕೊಳ್ಳುವ ಸಂಭವ ಹೆಚ್ಚು.

ಹಕ್ಕಿಗಳಿಗಾಗಿ ಬರುವವರು ಸೂರ್ಯೋದಯದ ಮುಂಚೆಯೇ ದಂಡೆಯ ಬಳಿ ಇರಬೇಕು. ಕಾಜಾಣ, ಕರಿತಲೆಯ ಹೊನ್ನಕ್ಕಿ, ಕೌಜುಗ, ಗಿಳಿಗಳು ಕಾಡಿನ ಕಡೆ ಸಿಕ್ಕರೆ, ನೀರಿನ ಕಡೆ ನೀರುಕಾಗೆ, ಬೆಳ್ಳಕ್ಕಿ, ಚಳಿಗಾಲದಲ್ಲಿ ವಲಸೆ ಬಾತುಗಳು ಸಿಗುತ್ತವೆ. ದುರ್ಬೀನಿಲ್ಲದವರು ಕಪ್ಪುಬಿಳಿ ಮಿಂಚುಳ್ಳಿಯೊಂದನ್ನೇ ಗಮನಿಸುತ್ತ ಕುಳಿತರೂ ಹೊತ್ತು ಸಾರ್ಥಕ: ಅದು ನೀರಿನ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತ, ಕೊಕ್ಕನ್ನು ನೇರ ಕೆಳಕ್ಕೆ ಹಿಡಿದು ತೂಗಿಕೊಂಡು ನಿಂತು, ಕಲ್ಲು ಬಿದ್ದಂತೆ ಧುಮುಕಿ, ಮೀನು ಸಿಕ್ಕರೆ ದಂಡೆಯ ಬಂಡೆಗೆ ಬಂದು ಅದನ್ನು ಎರಡು ಮೂರು ಸಲ ಅಪ್ಪಳಿಸಿ, ತಲೆ ಮುಂದಾಗಿ ನುಂಗುತ್ತದೆ.

ನಡಿಗೆಗೆ ಬೇಕಾದ ಸಲಕರಣೆ ಕಡಿಮೆ. ಪಾದ ಪೂರ್ತಿ ಮುಚ್ಚುವ ಬೂಟು, ಉದ್ದ ತೋಳಿನ ಅಂಗಿ, ತಲೆಗೆ ಟೋಪಿ ಅಥವಾ ರುಮಾಲು, ಒಬ್ಬರಿಗೆ ಕಡಿಮೆಯೆಂದರೂ ಮೂರು ಲೀಟರ್ ನೀರು ಇಷ್ಟಿರಬೇಕು. ಮಳೆ ಬಂದ ಮರುದಿನ ಎರೆಮಣ್ಣಿನ ದಾರಿಗೆ ಗಾಡಿ ಇಳಿಸಬಾರದು. ಆ ಮಣ್ಣು ಚಕ್ರಕ್ಕೆ ಸುತ್ತಿಕೊಂಡು ಮಡ್‌ಗಾರ್ಡಿನೊಳಗೆ ಗಟ್ಟಿಯಾಗಿ ತುಂಬಿಕೊಂಡರೆ ಬೈಕನ್ನು ತಳ್ಳುವುದೂ ಅಸಾಧ್ಯವಾಗುತ್ತದೆ, ಕಡ್ಡಿ ಹಿಡಿದು ಕೆರೆದು ತೆಗೆಯುವುದೊಂದೇ ದಾರಿ. ಹೆಜ್ಜೇನು ಕಟ್ಟಿದ ಬಂಡೆ, ಮರಗಳ ಹತ್ತಿರ ಹೊಗೆ, ಗದ್ದಲ, ಗಾಢ ಪರಿಮಳ ಕೂಡದು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ವಿಷದ ಹಾವುಗಳಿಗೂ ಇಂಥ ಒಣ ನೆಲ ಒಗ್ಗುತ್ತದೆ. ಕಡಿತವಾದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದನ್ನೂ ಮಾಡದೆ, ಕಚ್ಚಿದ ಅಂಗವನ್ನು ಅಲುಗಾಡದಂತಿರಿಸಿ, ಪ್ರತಿವಿಷ ಸಿಗುವ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು. ಸೆಪ್ಟೆಂಬರ್, ಅಕ್ಟೋಬರ್‌ನ ಮಧ್ಯಾಹ್ನಗಳಲ್ಲಿ ಗುಡುಗುಮಿಂಚು ಸಾಮಾನ್ಯ. ಮೋಡ ಕವಿಯುತ್ತಿದ್ದಂತೆ ಏರಿಯಂಥ ಎತ್ತರದ ಬಯಲನ್ನೂ ಒಂಟಿ ಮರವನ್ನೂ ಬಿಟ್ಟು ವಾಹನ ಅಥವಾ ಕಟ್ಟಡ ಸೇರಬೇಕು.

ನೀರಿನ ಬಳಿ

ಮಣ್ಣಿನ ಏರಿಯ ಅಣೆಕಟ್ಟಿನ ಒಳಮೈಗೆ ಅಲೆಯ ಹೊಡೆತ ತಾಳಲೆಂದು ಕಲ್ಲು ಜೋಡಿಸಿರುತ್ತಾರೆ. ಇದನ್ನು ಪಿಚಿಂಗ್ ಎನ್ನುತ್ತಾರೆ. ಆ ಕಲ್ಲುಗಳ ಮೇಲೆ ನೀರು ಬಿಟ್ಟುಹೋದ ಬಿಳಿಯ ಪಟ್ಟಿಗಳು ಜಲಾಶಯದ ಆ ವರ್ಷದ ಲೆಕ್ಕಪತ್ರ: ಮೇಲಿನ ಪಟ್ಟಿಗೂ ಈಗಿನ ನೀರಿಗೂ ನಡುವಿನ ಅಂತರ ನೋಡಿದರೆ ಕಾಲುವೆಗೆ ಬಿಟ್ಟದ್ದು, ಬಿಸಿಲಿಗೆ ಹೋದದ್ದು ಎರಡೂ ಸೇರಿ ನೀರು ಎಷ್ಟು ಇಳಿದಿದೆ ಎಂಬುದರ ಅಂದಾಜು ಸಿಗುತ್ತದೆ. ಕಾಲುವೆಗೆ ನೀರು ಬಿಡುವ ಕಿಂಡಿ ತೂಬು. ಹೆಚ್ಚಾದ ನೀರು ಹೊರಹೋಗುವ ಜಾಗ ಕೋಡಿ. ತೂಬಿನ ತಳಮಟ್ಟಕ್ಕಿಂತ ಕೆಳಗುಳಿದು ಕಾಲುವೆಗೆ ಹರಿಯಲಾರದ ನೀರನ್ನು ನಿರ್ಜೀವ ಸಂಗ್ರಹವೆಂದು ಕರೆಯುತ್ತಾರೆ. ಬೇಸಿಗೆಯ ಕೊನೆಯಲ್ಲಿ ಉಳಿಯುವುದು ಮೀನು, ಹಕ್ಕಿ, ಕಾಡುಪ್ರಾಣಿಗಳ ಪಾಲಿನ ಈ ನೀರು.

ಈಜು ಇಲ್ಲಿ ಬೇಡವೇ ಬೇಡ. ಮೇಲ್ನೋಟಕ್ಕೆ ನಿಶ್ಚಲವಾಗಿ ತೋರುವ ಜಲಾಶಯದ ತಳದಲ್ಲಿ ಅಣೆಕಟ್ಟು ಕಟ್ಟುವಾಗ ಮಣ್ಣು ತೆಗೆದ ಗುಂಡಿಗಳು, ಮುಳುಗಿದ ಹಳೆಯ ಹಳ್ಳದ ಕಡಿದಾದ ದಂಡೆ, ಮರದ ಬೊಡ್ಡೆಗಳು ಇರುತ್ತವೆ. ಮೊಣಕಾಲುದ್ದದ ನೀರಿನಲ್ಲಿ ಎರಡು ಹೆಜ್ಜೆ ಮುಂದಿಟ್ಟರೆ ಆಳ ತಲೆ ಮೀರಬಹುದು, ಕಾಲಡಿಯ ಹೂಳು ಹಿಂದೆ ಸರಿಯಲೂ ಬಿಡುವುದಿಲ್ಲ. ತೂಬು ತೆರೆದಿದ್ದಾಗ ಅದರ ಸುತ್ತಲಿನ ಸೆಳೆತ ಮೇಲೆ ನಿಂತವರ ಕಣ್ಣಿಗೆ ಕಾಣದು. ನಮ್ಮ ಕೆರೆ ಜಲಾಶಯಗಳಲ್ಲಿ ಮುಳುಗಿ ಸಾಯುವವರಲ್ಲಿ ಈಜು ಬಾರದವರ ಜೊತೆಗೆ, ಅವರನ್ನು ಉಳಿಸಲೆಂದು ಧುಮುಕಿದವರೂ ಇರುತ್ತಾರೆ ಎಂಬುದು ಪತ್ರಿಕೆ ಓದುವವರಿಗೆಲ್ಲ ಗೊತ್ತು. ಹತ್ತು ಹದಿನೈದು ಮೀಟರಿನ ಗಟ್ಟಿ ಹಗ್ಗ, ಗಾಳಿ ತುಂಬಿ ಬಿರಡೆ ಬಿಗಿದ ಖಾಲಿ ಕ್ಯಾನು ಇವೆರಡನ್ನು ಗಾಡಿಯಲ್ಲಿಟ್ಟುಕೊಂಡರೆ ದಂಡೆಯಿಂದಲೇ ನೆರವಾಗಲು ಸಾಧ್ಯ. ದೋಣಿವಿಹಾರದ ಏರ್ಪಾಡು ನಡೆಯುತ್ತಿರುವಾಗಲೂ ಜೀವರಕ್ಷಕ ಅಂಗಿಯ ಪಟ್ಟಿಗಳನ್ನೆಲ್ಲ ಬಿಗಿದುಕೊಂಡೇ ಹತ್ತಬೇಕು. ಫೋಟೊಗೆ ಚೆಂದ ಕಾಣುವುದಿಲ್ಲವೆಂದು ಅದನ್ನು ಬಿಚ್ಚಬಾರದು.

ಗಾಳ ಹಾಕುವ ಹವ್ಯಾಸಿಗಳೂ ತಿಳಿಯಬೇಕಾದದ್ದಿದೆ. ಜಲಾಶಯಗಳ ಮೀನು ಹಿಡಿಯುವ ಹಕ್ಕನ್ನು ಮೀನುಗಾರಿಕೆ ಇಲಾಖೆ ಗುತ್ತಿಗೆ ಅಥವಾ ಪರವಾನಗಿಯ ಮೇಲೆ ಕೊಡುತ್ತದೆ. ಬಿತ್ತನೆ ಮಾಡುವ ಕಾಟ್ಲಾ, ರೋಹು, ಮೃಗಾಲ್ ಮರಿಗಳು ಹಕ್ಕು ಪಡೆದವರ ಬದುಕು. ಧಾಮದ ನಿರ್ಬಂಧವೂ ಇದರೊಡನೆ ಸೇರುವುದರಿಂದ ಅನುಮತಿಯಿಲ್ಲದೆ ಗಾಳ ಬಿಡುವಂತಿಲ್ಲ. ಮೀನು ತಿನ್ನುವ ಆಸೆಯಿದ್ದವರು ದಂಡೆಗೆ ಬರುವ ಮೀನುಗಾರರಿಂದ ಕೊಳ್ಳಬಹುದು.

ದಾರಿ, ಬುತ್ತಿ, ಮರಳುವ ಹೊತ್ತು

ಪುಣೆ–ಹೈದರಾಬಾದ್ ನಡುವಿನ ರಾಷ್ಟ್ರೀಯ ಹೆದ್ದಾರಿ 65 ಬಸವಕಲ್ಯಾಣದ ಸಸ್ತಾಪುರ ಬಂಗ್ಲಾ, ಹುಮನಾಬಾದ್, ಮನ್ನಾಎಖೇಳ್ಳಿಗಳ ಮೂಲಕ ಹಾದುಹೋಗುತ್ತದೆ. ಅಲ್ಲಿಂದ ದಕ್ಷಿಣಕ್ಕೆ ತಿರುಗಿ ಬೇಮಳಖೇಡದ ಸೀಮೆಯನ್ನು ದಾಟಿ ಚಿಂಚೋಳಿ ಸೇರಿ, ಅಲ್ಲಿ ಅರಣ್ಯ ಕಚೇರಿಯ ಕೆಲಸ ಮುಗಿಸಿಕೊಂಡು ಕಾಡಿನ ರಸ್ತೆ ಹಿಡಿಯುವುದು ಅನುಕೂಲ. ದೂರದಿಂದ ರೈಲಿನಲ್ಲಿ ಬರುವವರಿಗೆ 2017ರಲ್ಲಿ ಆರಂಭವಾದ ಬೀದರ್–ಕಲಬುರಗಿ ಮಾರ್ಗದ ಹುಮನಾಬಾದ್ ನಿಲ್ದಾಣ, ತೆಲಂಗಾಣದ ಕಡೆಯಿಂದಾದರೆ ತಾಂಡೂರು ಒದಗುತ್ತವೆ. ಬಸ್ಸುಗಳು ಚಿಂಚೋಳಿಯವರೆಗೆ ಸಿಕ್ಕರೂ ಒಳಗಿನ ತಾಣಗಳಿಗೆ ಸ್ವಂತ ಅಥವಾ ಬಾಡಿಗೆಯ ವಾಹನವೇ ಬೇಕು. ಪೆಟ್ರೋಲನ್ನು ಪಟ್ಟಣದಲ್ಲೇ ತುಂಬಿಸಿಕೊಳ್ಳಬೇಕು.

ಒಂದೇ ದಿನದಲ್ಲಿ ಎಲ್ಲವನ್ನೂ ನೋಡಿಬಿಡುವ ಹಟ ಬೇಡ. ಚಂದ್ರಂಪಳ್ಳಿ ಜಲಾಶಯ ಒಂದು ಹಗಲಿಗೆ ಸಾಕು. ಕಾಡಿನೊಳಗಿನ ಗೊಟ್ಟಂಗೊಟ್ಟದ ಬಕ್ಕಪ್ರಭು ದೇವಸ್ಥಾನ, ತೆಲಂಗಾಣದ ಗಡಿಗೆ ತಾಗಿರುವ ಕುಂಚಾವರಂ, ಮಳೆಗಾಲವಾದರೆ ಎತ್ತಿಪೋತ ಜಲಪಾತ ಇವುಗಳಿಗೆ ಇನ್ನೊಂದು ದಿನ ಬೇಕು. ಹುಮನಾಬಾದಿನಲ್ಲಿ ತಂಗುವವರು ಹತ್ತಿರದ ಮಾಣಿಕನಗರವನ್ನೂ, ಚಾಲುಕ್ಯರ ಕಾಲದ ಶಿಲಾಬಾಲಿಕೆಯರಿಗೆ ಹೆಸರಾದ ಜಲಸಂಗ್ವಿಯ ಕಲ್ಮೇಶ್ವರ ದೇವಾಲಯವನ್ನೂ ಜೊತೆಗೆ ಸೇರಿಸಿಕೊಳ್ಳಬಹುದು; ಬರವಣಿಗೆಯಲ್ಲಿ ತೊಡಗಿರುವ ಅಲ್ಲಿಯ ಶಿಲಾಬಾಲಿಕೆಯನ್ನು ನೋಡದೆ ಹೋಗುವುದು ನಷ್ಟ.

ಜಲಾಶಯದ ಬಳಿ ಊಟ ಸಿಗುತ್ತದೆಂಬ ಭರವಸೆಯಿಂದ ಹೋಗಬಾರದು. ಬಿಳಿಜೋಳದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ, ಪುಂಡಿಪಲ್ಯ, ಗಡಿಗೆ ಮೊಸರು ಈ ಬುತ್ತಿ ಬಿಸಿಲಿಗೆ ಬೇಗ ಕೆಡುವುದಿಲ್ಲ, ಬಿಸಿ ಮಾಡಬೇಕಾಗಿಲ್ಲ, ಬಟ್ಟೆಯಲ್ಲಿ ಕಟ್ಟಿ ಒಯ್ಯಬಹುದಾದ್ದರಿಂದ ಕಸವನ್ನೂ ಉಳಿಸುವುದಿಲ್ಲ. ಪ್ಲಾಸ್ಟಿಕ್ ತಟ್ಟೆ, ನೀರಿನ ಪಾಕೀಟು, ಕುರುಕಲು ತಿಂಡಿಯ ಖಾಲಿ ಚೀಲಗಳನ್ನು ದಂಡೆಯಲ್ಲೇ ಬಿಟ್ಟುಬಂದರೆ ಮುಂದಿನ ಮಳೆಗೆ ಅವು ನೀರಿಗಿಳಿದು ತೂಬಿನ ಜಾಲರಿಗೆ ಸಿಕ್ಕಿಕೊಳ್ಳುತ್ತವೆ. ಉಪ್ಪಿನ ವಾಸನೆಗೆ ದನಗಳೂ ಕೊಂಡುಕುರಿಗಳೂ ಬಾಯಿ ಹಾಕುತ್ತವೆ. ಒಯ್ದ ಚೀಲದಲ್ಲೇ ಮರಳಿ ತಂದು ಪಟ್ಟಣದಲ್ಲಿ ಹಾಕಬೇಕು. ಶೌಚಕ್ಕೆ ಹಳ್ಳ ಮತ್ತು ದಂಡೆಯಿಂದ ಕನಿಷ್ಠ ಅರವತ್ತು ಎಪ್ಪತ್ತು ಹೆಜ್ಜೆ ದೂರ ಹೋಗಿ ಗುಂಡಿ ತೋಡಿ ಮುಚ್ಚಬೇಕೆಂಬುದನ್ನು ಮಕ್ಕಳಿಗೂ ತಿಳಿಸಿರಬೇಕು.

ಮರಳುವ ಹೊತ್ತಿನ ಬಗ್ಗೆ ಹೆಚ್ಚಿನ ಪ್ರವಾಸಿ ಮಾರ್ಗದರ್ಶಿಗಳು ಹೇಳದ ಒಂದು ಮಾತಿದೆ. ನವೆಂಬರ್‌ನಿಂದ ಮಾರ್ಚ್‌ವರೆಗೆ, ಅಂದರೆ ವಿಹಾರಕ್ಕೆ ಸೊಗಸಾದ ದಿನಗಳಲ್ಲೇ, ಹುಮನಾಬಾದ್, ಭಾಲ್ಕಿ, ಬೀದರ್ ಭಾಗದ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬು ನುರಿಯುವ ಕೆಲಸ ನಡೆದಿರುತ್ತದೆ. ಎರಡೆರಡು ಟ್ರೇಲರ್ ಸೇರಿಸಿ ರಸ್ತೆಯ ಅರ್ಧಕ್ಕೂ ಹೆಚ್ಚು ಅಗಲ ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳು, ಹಿಂಬದಿಯ ದೀಪವಿಲ್ಲದೆ, ಕೆಲವೊಮ್ಮೆ ಅಚ್ಚು ಮುರಿದು ರಸ್ತೆಯ ನಡುವೆಯೇ ಕಲ್ಲಿಟ್ಟು ನಿಂತಿರುತ್ತವೆ. ಕತ್ತಲಾದ ಮೇಲೆ ಇವು ಹತ್ತಿರ ಬರುವವರೆಗೂ ಕಾಣುವುದಿಲ್ಲ, ಎದುರಿನ ಲಾರಿಯ ಬೆಳಕಿಗೆ ಕಣ್ಣು ಕೋರೈಸಿದಾಗ ಬೈಕ್ ಸವಾರರಿಗಂತೂ ಸ್ವಲ್ಪವೂ ಸುಳಿವು ಸಿಗದು. ಆದ್ದರಿಂದ ಚಳಿಗಾಲದಲ್ಲಿ ಸೂರ್ಯಾಸ್ತವನ್ನು ದಂಡೆಯ ಮೇಲೆ ನಿಂತು ನೋಡಬೇಕೆನ್ನುವವರು ಆ ರಾತ್ರಿ ಶಿಬಿರದಲ್ಲೋ ಚಿಂಚೋಳಿಯಲ್ಲೋ ತಂಗುವ ಏರ್ಪಾಡು ಮಾಡಿಕೊಳ್ಳಬೇಕು. ಅದೇ ದಿನ ಮನೆ ಸೇರಬೇಕಾದವರು ನಾಲ್ಕು ಗಂಟೆಗೆಲ್ಲ ಜಲಾಶಯ ಬಿಟ್ಟು, ಬೆಳಕಿರುವಾಗಲೇ ಹೆದ್ದಾರಿ ಮುಟ್ಟಬೇಕು.